ಡಾಂಬರಿನ ಕೆಳಗಿನ ಕಲ್ಲು

ಮಳೆಗಾಲ ಬಂತೆಂದರೆ ಬೆಂಗಳೂರಿನಲ್ಲಿ ರಸ್ತೆಗುಂಡಿಗಳ ಲೆಕ್ಕ ಆರಂಭವಾಗುತ್ತದೆ. ಗುಂಡಿ ಮುಚ್ಚಲು ಗಡುವು, ಗಡುವು ಮೀರಿದರೆ ಎಚ್ಚರಿಕೆ, ಕೊನೆಗೆ ಡಾಂಬರಿನ ತೇಪೆ. ಈ ಗದ್ದಲದಲ್ಲಿ ಪ್ರಸ್ತಾಪವೇ ಆಗದ ವಸ್ತುವೆಂದರೆ ಡಾಂಬರಿನ ಕೆಳಗೆ ಹಾಸುವ ಜಲ್ಲಿ. ಬಡಾವಣೆಯ ರಸ್ತೆಗಳಲ್ಲಿ ವಾಹನದ ಭಾರವನ್ನು ನೆಲಕ್ಕೆ ಹಂಚುವುದು ಮುಖ್ಯವಾಗಿ ಈ ತಳಪದರವೇ. ಮೇಲಿನ ತೆಳು ಡಾಂಬರು ಬಹುಮಟ್ಟಿಗೆ ಹೊದಿಕೆ.

ಇದು ಹೊಸ ವಿದ್ಯೆಯೇನಲ್ಲ. ಒಡೆದ ಕಲ್ಲಿನ ಮೂಲೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯಾಗುತ್ತವೆ ಎಂಬುದನ್ನು ಸ್ಕಾಟ್ಲೆಂಡಿನ ಜಾನ್ ಮೆಕ್ಯಾಡಂ 19ನೇ ಶತಮಾನದ ಆರಂಭದಲ್ಲೇ ಮನಗಾಣಿಸಿದ್ದ. ಹೊಳೆಯ ದುಂಡುಗಲ್ಲು ಜಾರುತ್ತದೆ. ಒಂದೇ ಗಾತ್ರದ ಜಲ್ಲಿಯೂ ಸಾಲದು. ದಪ್ಪ ಜಲ್ಲಿಯ ಸಂದನ್ನು ಸಣ್ಣ ಜಲ್ಲಿ, ಅದರ ಸಂದನ್ನು ಕ್ರಷರ್ ಪುಡಿ ತುಂಬಬೇಕು. ‘ವೆಟ್ ಮಿಕ್ಸ್’ ಪದರದಲ್ಲಿ ಸುಮಾರು 50 ಮಿ.ಮೀ.ನಿಂದ ಪುಡಿಯವರೆಗಿನ ಗಾತ್ರಗಳು ಹದವಾದ ನೀರಿನೊಡನೆ ಬೆರೆತಿರುತ್ತವೆ. ಅದರ ಕೆಳಗಿನ ಪದರದ ಕೆಲಸವೇ ಬೇರೆ: ನೀರನ್ನು ಬಸಿದು ಹೊರಗೆ ಕಳುಹಿಸುವುದು. ಅಲ್ಲಿ ಪುಡಿ ಹೆಚ್ಚಾದರೆ ನೀರು ನಿಂತು ಇಡೀ ರಸ್ತೆಯೇ ಮೆತ್ತಗಾಗುತ್ತದೆ. ಕಲ್ಲಿನ ಗಡಸುತನ, ಚಪ್ಪಟೆ ಚೂರುಗಳ ಪ್ರಮಾಣ, ಜೇಡಿಯ ಅಂಶ ಇವಕ್ಕೆಲ್ಲ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಮಿತಿಗಳನ್ನು ವಿಧಿಸಿದೆ. ನಿಯಮಗಳ ಕೊರತೆ ನಮಗಿಲ್ಲ.

ಕೊರತೆಯಿರುವುದು ನೋಡುವ ಕಣ್ಣಿನದು. ನನ್ನ ಮನೆಯ ಗೇಟಿನಿಂದ ಕಾರು ನಿಲ್ಲಿಸುವ ಜಾಗದವರೆಗೆ ಹಾಸಿದ್ದ ಜಲ್ಲಿ ರೋಲರ್ ಹಾಯ್ದ ದಿನ ನುಣುಪಾಗಿ ಕಂಡಿತ್ತು. ಎರಡು ಮಳೆ ಸುರಿದ ಮೇಲೆ ಚಕ್ರಗಳ ಜಾಡಿನಲ್ಲಿ ಎರಡು ಕಾಲುವೆಗಳು! ಅಗೆಸಿದಾಗ ಸಿಕ್ಕಿದ್ದು ಕ್ವಾರಿಯ ಮೇಲ್ಮಣ್ಣು ಬೆರೆತ ಪುಡಿ. ಸೇವೆಯಲ್ಲಿದ್ದಾಗ ಹಲವಾರು ಟೆಂಡರುಗಳಿಗೆ ಸಹಿ ಹಾಕಿದ್ದ ನನಗೂ ಲಾರಿಯಿಂದ ಸುರಿದದ್ದನ್ನು ಕೈಯಲ್ಲಿ ಹಿಡಿದು ನೋಡಬೇಕೆನಿಸಿರಲಿಲ್ಲ.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಿಸಿ ಹೇಳಿದ್ದು ಇದನ್ನೇ. ಕೊಳ್ಳುವವನಿಗೆ ಗುಣಮಟ್ಟ ತಿಳಿಯದಿದ್ದರೆ ಒಳ್ಳೆಯ ಸರಕಿಗೆ ತಕ್ಕ ಬೆಲೆ ಸಿಗದು. ಅದನ್ನು ಮಾರುವವರು ಹಿಂದೆ ಸರಿಯುತ್ತಾರೆ. ತಳಪದರವಂತೂ ಡಾಂಬರು ಬಿದ್ದೊಡನೆ ಕಣ್ಮರೆಯಾಗುವ ಸರಕು. ಅತಿ ಕಡಿಮೆ ದರಕ್ಕೆ ಮಣೆ ಹಾಕುವ ಟೆಂಡರಿನಲ್ಲಿ ಶುದ್ಧ ಜಲ್ಲಿ ತರುವ ಗುತ್ತಿಗೆದಾರನೇ ಸೋಲುವುದರಲ್ಲಿ ಆಶ್ಚರ್ಯವೇನು?

ಪರಿಹಾರ ದುಬಾರಿಯಲ್ಲ. ಡಾಂಬರು ಹಾಕುವ ಮುನ್ನ ಅಲ್ಲಲ್ಲಿ ತಳಪದರವನ್ನು ಅಗೆದು, ದಪ್ಪವನ್ನು ಅಳೆದು, ಜಲ್ಲಿಯನ್ನು ಜರಡಿ ಹಿಡಿಯುವ ಕೆಲಸವನ್ನು ಗುತ್ತಿಗೆದಾರ ಆರಿಸದ ಪ್ರಯೋಗಾಲಯಕ್ಕೆ ವಹಿಸಬೇಕು. ಆ ವರದಿ ಬರುವವರೆಗೆ ತಳಪದರದ ಬಿಲ್ ಪಾವತಿಯಾಗಬಾರದು. ವರದಿಯ ಪ್ರತಿ ವಾರ್ಡ್ ಕಚೇರಿಯ ಗೋಡೆಯ ಮೇಲಿರಲಿ. ಎಂಜಿನಿಯರುಗಳಿಗೆ ಇದು ಕಿರಿಕಿರಿ ಎನಿಸಬಹುದು. ಪ್ರಾಮಾಣಿಕರಾದವರಿಗೆ ಇದೇ ರಕ್ಷಣೆ.

ಕೆಟ್ಟ ರಸ್ತೆಯ ಬೆಲೆ ಖಜಾನೆಯಲ್ಲಷ್ಟೇ ದಾಖಲಾಗುವುದಿಲ್ಲ. ಎರಡು ಬಾರಿ ಹಾಕಿದ ರಸ್ತೆಗಾಗಿ ಗುಡ್ಡವನ್ನೂ ಎರಡು ಬಾರಿ ಸಿಡಿಸಬೇಕು. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ, ಮರುತಿಂಗಳೇ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಕ್ವಾರಿಯ ಸ್ಫೋಟಕಗಳು ಸಿಡಿದು ಜನ ಸತ್ತರು. ಇತ್ತ ನಗರದಲ್ಲಿ ಕೆಡವಿದ ಕಟ್ಟಡಗಳ ಅವಶೇಷ ಕೆರೆಯಂಚಿನಲ್ಲಿ ರಾಶಿ ಬೀಳುತ್ತದೆ. ಅದನ್ನು ಪುಡಿಮಾಡಿ ಪಡೆದ ಸಾಮಗ್ರಿಯನ್ನು ಸರ್ಕಾರಿ ಕಾಮಗಾರಿಗಳಲ್ಲಿ ಶೇ 10ರಿಂದ 20ರಷ್ಟು ಬಳಸುವಂತೆ ಕೇಂದ್ರದ ನಿಯಮಗಳು 2016ರಲ್ಲೇ ಸೂಚಿಸಿದ್ದವು. ಹೊಸ ಟೆಂಡರುಗಳ ದರಪಟ್ಟಿಯಲ್ಲಿ ಆ ಬಾಬ್ತಿಗೆ ಒಂದು ಸಾಲು ಇದೆಯೇ ಎಂದು ನಮ್ಮ ಜನಪ್ರತಿನಿಧಿಗಳು ಕೇಳಬೇಕು.