ಮೋಕದಿಂದ ದೇವನಹಳ್ಳಿಯ ತನಕ

ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಬೆಂಗಳೂರಿನಲ್ಲಿ ಇಳಿದದ್ದು 2021ರ ಜನವರಿಯಲ್ಲಿ. ಉತ್ತರ ಧ್ರುವದ ಮೇಲಿನ ಹಾದಿ, ಪೈಲಟ್‌ಗಳೆಲ್ಲ ಮಹಿಳೆಯರು, ಸುಮಾರು 14,000 ಕಿ.ಮೀ., ಹೆಚ್ಚುಕಡಿಮೆ 17 ತಾಸು. ನಾಡು ಹಿಗ್ಗಿತು, ಹಿಗ್ಗಬೇಕಾದದ್ದೇ.

ಅದೇ ಲೆಕ್ಕವನ್ನು ಬಳ್ಳಾರಿ ತಾಲ್ಲೂಕಿನ ನಮ್ಮ ಮೋಕದಲ್ಲಿ ಕೂತು ಹಾಕಿ ನೋಡಿ. ಅಮೆರಿಕದಲ್ಲಿರುವ ಮಗನ ಮನೆಗೆ ಹೊರಟ ತಾಯಿ ಶೇಂಗಾ ಚಟ್ನಿಪುಡಿ, ಕಟಕ್ ರೊಟ್ಟಿ ತುಂಬಿದ ಸೂಟ್‌ಕೇಸನ್ನು ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿಸಿ, 23 ಕಿಲೋ ದಾಟಿತೆಂದು ಒಂದು ಡಬ್ಬಿ ಹೊರಗೆ ತೆಗೆದು, ಸಂಜೆಯ ಬಸ್ಸಿಗೆ ಬಳ್ಳಾರಿಗೆ ಬರುತ್ತಾಳೆ. ಅಲ್ಲಿಂದ ರಾತ್ರಿಯಿಡೀ ಪ್ರಯಾಣ. ದೇವನಹಳ್ಳಿಯ ವಿಮಾನ ನಿಲ್ದಾಣ ತಲುಪುವ ಹೊತ್ತಿಗೆ ಅಮೆರಿಕದ ಹಾದಿಯ ನಲವತ್ತರಲ್ಲಿ ಒಂದು ಪಾಲೂ ಸವೆದಿರುವುದಿಲ್ಲ. ಹೊತ್ತು ಮಾತ್ರ ಅರ್ಧದಷ್ಟು ಕಳೆದಿರುತ್ತದೆ.

ಇದು ಇಂದು ನಿನ್ನೆಯ ಕಥೆಯಲ್ಲ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ನಾವು ಮದರಾಸು ರಾಜ್ಯದವರು. ಅಂದು ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ ಸೇರಿ ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ರಾಜಧಾನಿ ಬದಲಾಯಿತು, ಹಳಿ ಬದಲಾಗಲಿಲ್ಲ. ಹಂಪಿ ಎಕ್ಸ್‌ಪ್ರೆಸ್ ಇವತ್ತಿಗೂ ಬಳ್ಳಾರಿ ಬಿಟ್ಟು ಪೂರ್ವಕ್ಕೆ ಗುಂತಕಲ್ಲಿಗೆ ಹೋಗಿ, ಅನಂತಪುರ, ಧರ್ಮವರಂ, ಹಿಂದೂಪುರ ಸುತ್ತಿಯೇ ಬೆಂಗಳೂರು ಸೇರುತ್ತದೆ. ಕರ್ನಾಟಕದಿಂದ ಕರ್ನಾಟಕಕ್ಕೆ ಆಂಧ್ರದ ಮೇಲೆ!

ಬಳ್ಳಾರಿಯಿಂದ ಬೆಂಗಳೂರಿಗೆ ಆಕಾಶದ ಹಾದಿಯಲ್ಲಿ ದೂರ 250 ಕಿ.ಮೀ. ಆಸುಪಾಸು, ಒಂದು ತಾಸಿನ ಹಾರಾಟ. ತೋರಣಗಲ್ಲಿನ ಜಿಂದಾಲ್ ವಿದ್ಯಾನಗರ ನಿಲ್ದಾಣದಿಂದ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ ಟ್ರೂಜೆಟ್ ಕಂಪನಿಯ ವಿಮಾನ ಹಾರಿತು. ಅರ್ಧದಷ್ಟು ಸೀಟುಗಳಿಗೆ ತಾಸಿಗೆ 2,500 ರೂಪಾಯಿಯ ಟಿಕೆಟ್ ದರದ ಮಿತಿ, ಕಂಪನಿಯ ನಷ್ಟ ತುಂಬಿಕೊಡಲು ಮೂರು ವರ್ಷಗಳ ಸಹಾಯಧನ. 2022ರಲ್ಲಿ ಆ ಕಂಪನಿಯೇ ಹಾರಾಟ ನಿಲ್ಲಿಸಿತು. ಮುಂದೆ ಸ್ಟಾರ್ ಏರ್ ಬಂತು. ಅಲ್ಲಿನ ಉಕ್ಕಿನ ಕಾರ್ಖಾನೆಯ ಅಧಿಕಾರಿಗಳಿಗೆ, ಹಂಪಿಯ ಪ್ರವಾಸಿಗರಿಗೆ ಅನುಕೂಲವಾಯಿತು. ಮೋಕದವರಿಗೆ ತೋರಣಗಲ್ಲು ತಲುಪುವುದೇ ಒಂದು ಪ್ರಯಾಣ: ಹೊರಟದ್ದು ಬೆಂಗಳೂರಿಗೆ, ಮೊದಲು ನಡೆಯುವುದು ಹೊಸಪೇಟೆಯ ದಿಕ್ಕಿಗೆ.

ಬಳ್ಳಾರಿ ಹತ್ತಿರದ ಚಾಗನೂರು–ಸಿರಿವಾರದಲ್ಲಿ ಆಗಬೇಕಿದ್ದ ಹೊಸ ವಿಮಾನ ನಿಲ್ದಾಣದ ಮಾತನ್ನಂತೂ ಎತ್ತದಿರುವುದೇ ಲೇಸು. ಅಲ್ಲಿ ಸುಮಾರು 900 ಎಕರೆ ಸ್ವಾಧೀನವಾಗಿ ಹತ್ತು ವರ್ಷಗಳ ಮೇಲಾಯಿತು. ನೀರಾವರಿ ಹೊಲ ಬಿಡೆವೆಂದು ರೈತರು ಜಗಳವಾಡಿದರು. ಹೊಲ ಹೋಯಿತು, ವಿಮಾನ ಬರಲಿಲ್ಲ.

ಹೊಸ ರನ್‌ವೇ ಬೇಕೆಂದು ನಾವು ಹಟ ಹಿಡಿಯುವುದಿಲ್ಲ. ತೋರಣಗಲ್ಲಿನಲ್ಲಿ ಇರುವ ರನ್‌ವೇಯಿಂದ ಬೆಂಗಳೂರಿಗೆ ವರ್ಷವಿಡೀ ನಂಬಬಹುದಾದ ವಿಮಾನ, ಅದರ ವೇಳೆಗೆ ಹೊಂದುವಂತೆ ಸಿರುಗುಪ್ಪ, ಮೋಕ, ಬಳ್ಳಾರಿಯ ಮೇಲೆ ಸರ್ಕಾರಿ ಬಸ್ಸು, ಇಷ್ಟಾದರೂ ಆಗಲಿ. ಬಸ್ಸಿಗಂತೂ ದೆಹಲಿಯ ಅಪ್ಪಣೆ ಬೇಕಿಲ್ಲ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮ ಮನಸ್ಸು ಮಾಡಿದರೆ ಸಾಕು.