ಸ್ಕ್ಯಾನ್ ಆಯಿತು, ಸಿಗುವುದು ಹೇಗೆ?

ಕಳಂಬೋಲಿ ಎಲ್ಲಿದೆ ಎಂದು ಕೇಳಿದರೆ ಯಾರನ್ನು ಕೇಳುತ್ತೀರಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ನವಿ ಮುಂಬಯಿಯನ್ನು ಕಟ್ಟಿದ ಸಿಡ್ಕೊ ಸಂಸ್ಥೆಯ ಲೆಕ್ಕದಲ್ಲಿ ಅದು ಆ ನಗರದ ಒಂದು ನೋಡ್, ಅಂದರೆ ಯೋಜಿತ ಬಡಾವಣೆ. ಜಿಲ್ಲೆ ಮಾತ್ರ ಥಾಣೆಯಲ್ಲ, ರಾಯಗಡ, ತಾಲೂಕು ಪನ್ವೇಲ್. ತೆರಿಗೆ ಸಲ್ಲುವುದು ನವಿ ಮುಂಬಯಿ ಪಾಲಿಕೆಗಲ್ಲ, 2016ರಲ್ಲಿ ಹುಟ್ಟಿದ ಪನ್ವೇಲ್ ಮಹಾನಗರಪಾಲಿಕೆಗೆ. ರಾಯಗಡ ಎಂಬ ಹೆಸರೂ ಆ ಜಿಲ್ಲೆಗೆ ಬಂದದ್ದು 1981ರಲ್ಲಿ. ಅದಕ್ಕೆ ಮೊದಲು ಅದು ಕುಲಾಬಾ ಜಿಲ್ಲೆ. ದಕ್ಷಿಣ ಮುಂಬಯಿಯ ತುದಿಯಲ್ಲಿರುವ ಕೊಲಾಬಾ ಬೇರೆಯೇ. ಆದರೆ ಕನ್ನಡದಲ್ಲಿ ಬರೆಯುವಾಗ ಎರಡೂ ಕೊಲಾಬಾ ಆಗುವುದುಂಟು, ಕುಲಾಬಾ ಆಗುವುದೂ ಉಂಟು. ಇಲ್ಲಿ ವಾಸಿಸುವವರಿಗೆ ಇದೇನೂ ಗೊಂದಲವಲ್ಲ. ಹುಡುಕುವ ಯಂತ್ರಕ್ಕೆ ಮಾತ್ರ ಇವೆಲ್ಲ ಬರಿಯ ಅಕ್ಷರಗಳ ಸಾಲು. ಕೊಲಾಬಾ ಎಂದು ಕೇಳಿದರೆ ಸಮುದ್ರದಂಚಿನ ಬಡಾವಣೆಯನ್ನೂ ಹಳೆಯ ಜಿಲ್ಲೆಯನ್ನೂ ಒಂದೇ ರಾಶಿಗೆ ಸುರಿಯುತ್ತದೆ. ರಾಯಗಡ ಎಂದು ಕೇಳಿದರೆ 1981ಕ್ಕೆ ಹಿಂದಿನದೆಲ್ಲ ಕಣ್ಮರೆ. ಥಾಣೆಯದೂ ಇದೇ ಪಾಡು. 2014ರಲ್ಲಿ ಪಾಲ್ಘರ್ ಬೇರೆ ಜಿಲ್ಲೆಯಾಯಿತು. ಹಾಗಾಗಿ 2000ದಲ್ಲಿ ಮಾಡಿದ 'ಥಾಣೆ ಜಿಲ್ಲೆಯ ಕನ್ನಡಿಗರು' ಪಟ್ಟಿಯಲ್ಲಿ ವಸಯಿ, ವಿರಾರ್ ಸೇರುತ್ತವೆ, 2020ರದರಲ್ಲಿ ಸೇರುವುದಿಲ್ಲ.

ಹೆಸರುಗಳ ತೊಡಕು ಹೀಗಿದ್ದರೂ ಮುಂಬಯಿ ಕನ್ನಡದ ಡಿಜಿಟಲ್ ಗ್ರಂಥಾಲಯದ ಮಾತು ಎತ್ತಿದಾಗಲೆಲ್ಲ ಚರ್ಚೆ ಸ್ಕ್ಯಾನರಿನಿಂದ ಶುರುವಾಗಿ ಸ್ಕ್ಯಾನರಿನಲ್ಲೇ ಮುಗಿಯುತ್ತದೆ. ಸ್ಕ್ಯಾನ್ ಮಾಡಬೇಕಾದದ್ದು ರಾಶಿ ಇದೆ, ಅದು ನಿಜ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಮೈಸೂರು ಅಸೋಸಿಯೇಷನ್ 1926ರದು, ಕರ್ನಾಟಕ ಸಂಘ 1933ರದು, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ 1978ರದು. ಇಷ್ಟು ವರ್ಷಗಳ ಮಾಸಪತ್ರಿಕೆ, ವರದಿ, ಸ್ಮರಣ ಸಂಚಿಕೆಗಳು ಕಪಾಟುಗಳಲ್ಲಿ ಹಂಚಿಹೋಗಿವೆ, ಕಾಗದ ಪುಡಿಯಾಗುತ್ತಿದೆ. ಆದರೂ ನನ್ನ ವಾದ ಇಷ್ಟು: ಪುಟಗಳ ಚಿತ್ರ ತೆಗೆಯುವ ಕೆಲಸದಷ್ಟೇ ತುರ್ತಾಗಿ ಆಗಬೇಕಾದದ್ದು ಹೆಸರುಗಳ ಒಂದು ಪಟ್ಟಿ. ವ್ಯಕ್ತಿ, ಊರು, ಸಂಘ, ಪತ್ರಿಕೆ, ಕೃತಿ ಪ್ರತಿಯೊಂದಕ್ಕೂ ಬದಲಾಗದ ಒಂದು ಸಂಖ್ಯೆ, ಒಂದಕ್ಕೂ ಇನ್ನೊಂದಕ್ಕೂ ಇರುವ ಸಂಬಂಧ, ಆ ಮಾಹಿತಿ ಎಲ್ಲಿಂದ ಬಂತು ಎಂಬ ಟಿಪ್ಪಣಿ, ಎಲ್ಲವೂ ಯಾರು ಬೇಕಾದರೂ ಬಳಸುವ ಹಾಗೆ. ಸೆಮ್ಯಾಂಟಿಕ್ ತಂತ್ರಜ್ಞಾನ ಎಂಬ ಭಾರದ ಹೆಸರಿನ ಹಿಂದೆ ಇರುವುದು ಹೆಚ್ಚುಕಡಿಮೆ ಇದೇ.

ಮುಂಬಯಿ ಕನ್ನಡಕ್ಕೆ ಇದರ ಅಗತ್ಯ ಬೇರೆಯವರಿಗಿಂತ ಹೆಚ್ಚು, ಏಕೆಂದರೆ ಇಲ್ಲಿಯ ಹೆಸರುಗಳೇ ಒಂದರ ಮೇಲೊಂದು ಬಿದ್ದಿವೆ. ಊರನ್ನು ಇಲ್ಲಿಯ ಪತ್ರಿಕೆಗಳು ಮುಂಬಯಿ ಎಂದು ಬರೆದರೆ ಬೆಂಗಳೂರಿನವು ಮುಂಬೈ ಎನ್ನುತ್ತವೆ, ಹಳೆಯ ಪುಸ್ತಕಗಳು ಬೊಂಬಾಯಿ ಎನ್ನುತ್ತವೆ. 'ಮುಂಬಯಿ ಕರ್ನಾಟಕ' ಎಂದು ಹುಡುಕಿದರೆ ಸಿಗುವುದು ಬೆಳಗಾವಿ, ಧಾರವಾಡ, ವಿಜಯಪುರ. 2021ರಲ್ಲಿ ಆ ಪ್ರದೇಶಕ್ಕೆ ಕಿತ್ತೂರು ಕರ್ನಾಟಕ ಎಂದು ಹೆಸರಾಗಿದ್ದರೂ ಅದಕ್ಕೆ ಹಿಂದಿನ ಬರಹ ಬದಲಾಗುವುದಿಲ್ಲ. ಕಾದಂಬರಿಕಾರ ಯಶವಂತ ಚಿತ್ತಾಲರು ಹುಟ್ಟಿದ, ಉತ್ತರ ಕನ್ನಡದ ಹನೇಹಳ್ಳಿ 1928ರಲ್ಲಿ ಬೊಂಬಾಯಿ ಪ್ರಾಂತ್ಯದಲ್ಲೇ ಇತ್ತು. ಪ್ರಾಂತ್ಯ ಯಾವುದು, ನಗರ ಯಾವುದು ಎಂದು ತಿಳಿಯದ ಯಂತ್ರ ಅವರನ್ನು ಹುಟ್ಟಾ ಮುಂಬಯಿಕರರನ್ನಾಗಿ ಮಾಡಿದರೆ ಆಶ್ಚರ್ಯವಿಲ್ಲ. ಅವರ 'ಶಿಕಾರಿ'ಯನ್ನು (1979) ಹುಡುಕುವವನಿಗೆ ಕಾಡು, ಕೋವಿ, ನರಭಕ್ಷಕ ಹುಲಿಗಳು ಎದುರಾಗುತ್ತವೆ. ಮುಂಬಯಿಯ ಕಾರ್ಮಿಕರ ಬದುಕನ್ನು ಎತ್ತಿಕೊಂಡ, 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವ್ಯಾಸರಾಯ ಬಲ್ಲಾಳರ ಕಾದಂಬರಿಯ ಹೆಸರು 'ಬಂಡಾಯ'. ಆ ಪದವನ್ನು ಹುಡುಕಾಟದ ಪೆಟ್ಟಿಗೆಗೆ ಹಾಕಿ ನೋಡಿ, ಬಂಡಾಯ ಸಾಹಿತ್ಯ ಚಳವಳಿಯ ನೂರಾರು ಲೇಖನಗಳ ಅಡಿಯಲ್ಲಿ ಬಲ್ಲಾಳರು ಹೂತುಹೋಗಿರುತ್ತಾರೆ. ಇನ್ನು 'ಕರ್ನಾಟಕ ಸಂಘ' ಎಂಬ ಹೆಸರಿನ ಸಂಸ್ಥೆಗಳು ಡೊಂಬಿವಲಿಯಲ್ಲೂ ಇವೆ, ದೇಶದ ಉದ್ದಗಲಕ್ಕೂ ಇವೆ.

ಪರಿಹಾರ ಹೊಸದೇನಲ್ಲ. ವಚನಕಾರರು ಅಂಕಿತ ಇಟ್ಟುಕೊಂಡದ್ದು ಭಕ್ತಿಗೆ ಇರಬಹುದು. ಎಂಟು ಶತಮಾನಗಳ ಮೇಲೆ ಓಲೆಗರಿಗಳನ್ನು ವಿಂಗಡಿಸಿದ ವಿದ್ವಾಂಸರಿಗೆ ಇದು ಯಾರ ವಚನ ಎಂದು ಹೇಳಿದ್ದು ಬಹುಮಟ್ಟಿಗೆ ಆ ಅಂಕಿತವೇ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಜಾಲಕ್ಕೆ ತಂದ 'ವಚನ ಸಂಚಯ' ಸಂಶೋಧಕರಿಗೆ ಉಪಯೋಗಕ್ಕೆ ಬಂದದ್ದು ಪುಟಗಳ ಚಿತ್ರ ಹಾಕಿದ್ದರಿಂದಲ್ಲ. ವಚನಕಾರ, ಅಂಕಿತ, ಪದ ಇವುಗಳನ್ನು ಒಂದಕ್ಕೊಂದು ಕಟ್ಟಿದ್ದರಿಂದ. ಗ್ರಂಥಾಲಯ ವಿಜ್ಞಾನದಲ್ಲೂ ಇದರ ಬೇರು ನಮ್ಮಲ್ಲೇ ಇದೆ. ಒಂದು ಪುಸ್ತಕಕ್ಕೆ ಕಪಾಟಿನಲ್ಲಿ ಒಂದೇ ಜಾಗವಿದ್ದರೂ ಅದರ ವಿಷಯಕ್ಕೆ ಹಲವು ಮುಖಗಳಿರುತ್ತವೆ ಎಂದು ಎಸ್. ಆರ್. ರಂಗನಾಥನ್ 1933ರ ತಮ್ಮ ಕೋಲನ್ ವರ್ಗೀಕರಣದಲ್ಲಿ ತೋರಿಸಿಕೊಟ್ಟರು. 1962ರಲ್ಲಿ ಬೆಂಗಳೂರಿನಲ್ಲಿ ಈ ಬಗೆಯ ಕೆಲಸಕ್ಕೆ ಸಂಶೋಧನಾ ಕೇಂದ್ರವನ್ನೂ ಕಟ್ಟಿದರು. 2012ರಲ್ಲಿ ಶುರುವಾದ ಮುಕ್ತ ಮಾಹಿತಿಕೋಶ ವಿಕಿಡೇಟಾ ಅಂಥದೇ ಯೋಚನೆಯನ್ನು ಜಗತ್ತಿನ ಅಳತೆಗೆ ಹಿಗ್ಗಿಸಿತು. ಅಲ್ಲಿ ಪ್ರತಿ ಮಾಹಿತಿಯೂ ಮೂರು ತುಂಡಿನ ಚಿಕ್ಕ ವಾಕ್ಯ: ಬಂಡಾಯ, ಲೇಖಕ, ವ್ಯಾಸರಾಯ ಬಲ್ಲಾಳ. ಕಳಂಬೋಲಿ, ಇರುವ ಜಿಲ್ಲೆ, ರಾಯಗಡ. ಈ ವಾಕ್ಯಕ್ಕೆ ಎಂದಿನಿಂದ ಎಂದಿನವರೆಗೆ ಎಂಬ ಅವಧಿಯನ್ನೂ ಆಧಾರವನ್ನೂ ಸೇರಿಸಬಹುದು. ಮುಂಬಯಿ ಕನ್ನಡಿಗರ ಮೂರನೆಯ ತಲೆಮಾರಿಗೆ ಇದರಲ್ಲಿ ಇನ್ನೊಂದು ಲಾಭ: ಒಂದೇ ಸಂಖ್ಯೆಗೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಹೆಸರು ಬರೆದಿರಬಹುದಾದ್ದರಿಂದ, ಕನ್ನಡ ಓದಲು ಬಾರದ ಮೊಮ್ಮಗಳು ಮರಾಠಿಯಲ್ಲಿ ಹುಡುಕಿದರೂ ಅಜ್ಜನ ಕವನಸಂಕಲನ ಸಿಗುತ್ತದೆ.

ಇದನ್ನು ಕೇಳಿದ ಕೂಡಲೇ ಬರುವ ಮೊದಲ ಆಕ್ಷೇಪ ಎಐ. ಯಂತ್ರವೇ ಓದಿ ಅರ್ಥ ಮಾಡಿಕೊಳ್ಳುವ ಕಾಲದಲ್ಲಿ ಪಟ್ಟಿ ಬರೆಯುತ್ತ ಕೂರುವುದೇಕೆ ಎಂಬ ಪ್ರಶ್ನೆ ಹಗುರವಾದದ್ದಲ್ಲ. ಪ್ರಸಿದ್ಧರ ವಿಷಯದಲ್ಲಿ ಅದು ನಿಜವೂ ಹೌದು. ಕುವೆಂಪು ಮತ್ತು ಕೆ. ವಿ. ಪುಟ್ಟಪ್ಪ ಒಬ್ಬರೇ ಎಂದು ಯಾವ ಚಾಟ್‌ಬಾಟ್ ಆದರೂ ಹೇಳೀತು. ತೊಂದರೆ ಇರುವುದು ಒಂದೇ ಒಂದು ಸ್ಮರಣ ಸಂಚಿಕೆಯಲ್ಲಿ ಹೆಸರು ಉಳಿದಿರುವ ರಾತ್ರಿಶಾಲೆಯ ಮೇಷ್ಟರ ವಿಷಯದಲ್ಲಿ. ಅವರ ಬಗ್ಗೆ ಯಂತ್ರ ಓದಿಯೇ ಇಲ್ಲ. ಓದಿರದ ಕಡೆ ಅದು ಸುಮ್ಮನಿರುವುದೂ ಇಲ್ಲ, ನಯವಾಗಿ ಏನನ್ನೋ ಕಟ್ಟಿ ಹೇಳುತ್ತದೆ. ಜೊತೆಗೆ, ಓದಲು ಪಠ್ಯ ಇರಬೇಕಲ್ಲ? ಹಳೆಯ ಅಚ್ಚಿನ ಒತ್ತಕ್ಷರಗಳನ್ನು ಗುರುತಿಸುವಾಗ ತಂತ್ರಾಂಶ ಇಂದಿಗೂ ಎಡವುತ್ತದೆ. ಕಂಪ್ಯೂಟರಿನಲ್ಲೇ ಜೋಡಿಸಿದ ತೊಂಬತ್ತರ ದಶಕದ ಪುಸ್ತಕಗಳಾದರೂ ಸಲೀಸೇ ಎಂದರೆ, ಅವು ಯೂನಿಕೋಡ್‌ಗೆ ಮೊದಲಿನ ಫಾಂಟುಗಳಲ್ಲಿವೆ. ಪಿಡಿಎಫ್‌ನಿಂದ ಒಂದು ಸಾಲು ನಕಲು ಮಾಡಿದರೆ ಅಂಟುವುದು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳು. ಆಧಾರ ಸಮೇತ ಬರೆದಿಟ್ಟ ಪಟ್ಟಿ ಎಐಗೆ ಪ್ರತಿಸ್ಪರ್ಧಿಯೂ ಅಲ್ಲ. ಅದರ ಉತ್ತರವನ್ನು ಪರೀಕ್ಷಿಸಲು ನಮ್ಮ ಕೈಯಲ್ಲಿ ಇರಬೇಕಾದ ಸಾಧನ ಅದು.

ಎರಡನೆಯ ಆಕ್ಷೇಪ ನನಗೆ ಇನ್ನೂ ಗಂಭೀರವಾಗಿ ಕಾಣುತ್ತದೆ. ವರ್ಗೀಕರಿಸುವವನು ತೀರ್ಪು ಕೊಡುವವನೂ ಆಗುತ್ತಾನೆ. ಬಲ್ಲಾಳರು ಮುಂಬಯಿ ಲೇಖಕರೋ ಕರಾವಳಿಯ ಲೇಖಕರೋ? ತುಳು ಮನೆಮಾತಿನವರು ಮುಂಬಯಿಯಿಂದ ಕನ್ನಡದಲ್ಲಿ ನಡೆಸಿದ ಪತ್ರಿಕೆಯನ್ನು ಯಾರ ಪಟ್ಟಿಗೆ ಸೇರಿಸುವುದು? ಕನ್ನಡ ಲಿಪಿಯಲ್ಲಿ ಇಲ್ಲಿ ಅಚ್ಚಾದ ಕೊಂಕಣಿ ವಾರಪತ್ರಿಕೆ ಕನ್ನಡದ್ದೋ ಕೊಂಕಣಿಯದ್ದೋ? ಮರದ ಕಪಾಟು ಇಂಥ ಪ್ರಶ್ನೆಗೆ ಒಂದೇ ಉತ್ತರ ಕೇಳುತ್ತದೆ, ಅದರಿಂದಲೇ ಜಗಳ. ಸಂಬಂಧಗಳ ಪಟ್ಟಿಯಲ್ಲಿ ಭಾಷೆ ಕೊಂಕಣಿ, ಲಿಪಿ ಕನ್ನಡ, ಪ್ರಕಟಣೆಯ ಸ್ಥಳ ಮುಂಬಯಿ ಎಂದು ಮೂರನ್ನೂ ಬೇರೆಬೇರೆ ವಾಕ್ಯಗಳಾಗಿ ಇಡಬಹುದು, ಯಾರೂ ಬಿಟ್ಟುಕೊಡಬೇಕಾದದ್ದಿಲ್ಲ. ಹಾಗೆಂದು ಎಲ್ಲ ತಕರಾರೂ ಕರಗುವುದಿಲ್ಲ. ಲೇಖಕರ ಹೆಸರಿನ ಮುಂದೆ ಜಾತಿ ಬರೆಯಬೇಕೇ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ, ಏಕೆಂದರೆ ಮುಂಬಯಿಯ ಬಹಳಷ್ಟು ಸಂಘಗಳು ಜಾತೀಯ ಸಂಘಟನೆಗಳೇ. ಪ್ರಕಾಶಕ ಸಂಸ್ಥೆಯ ಹೆಸರು ದಾಖಲಾಗಲಿ, ವ್ಯಕ್ತಿಗೆ ಆ ಚೀಟಿ ಅಂಟಿಸುವುದು ಬೇಡ ಎನ್ನುವುದು ನನ್ನ ನಿಲುವು.

ಪ್ರಕಾಶಕರ ಹೆದರಿಕೆ ಕಾಪಿರೈಟಿನದು. ನಮ್ಮ ಕಾಯಿದೆಯಲ್ಲಿ ಲೇಖಕರು ತೀರಿಕೊಂಡ ಮೇಲೆ ಅರವತ್ತು ವರ್ಷ ಹಕ್ಕು ಉಳಿಯುತ್ತದೆ. 2014ರಲ್ಲಿ ತೀರಿಕೊಂಡ ಚಿತ್ತಾಲರ ಕೃತಿಗಳು 2074ರ ಕೊನೆಯವರೆಗೆ ಮುಕ್ತವಲ್ಲ. ಆದರೆ ಶೀರ್ಷಿಕೆ, ಲೇಖಕ, ವರ್ಷ, ಪುಟಸಂಖ್ಯೆ ಇವು ಬರಿಯ ಸಂಗತಿಗಳು, ಅವಕ್ಕೆ ಹಕ್ಕುಸ್ವಾಮ್ಯವಿಲ್ಲ. ಪಠ್ಯ ಮುಚ್ಚಿದ್ದರೂ ಅದರ ವಿವರ ತೆರೆದಿರಬಹುದು. ಹುಡುಕಿದಾಗ ಸಿಗದ ಪುಸ್ತಕ ಮಾರಾಟವೂ ಆಗುವುದಿಲ್ಲ ಎಂಬ ಸರಳ ಲೆಕ್ಕವನ್ನು ಪ್ರಕಾಶಕರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ತಪ್ಪು ಖಾನೆಯ ಈ ತೊಡಕು ಶಾಲೆಯ ಪಾಠಗಳಲ್ಲೂ ಇದೆ. ಮಹಾರಾಷ್ಟ್ರದಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ, ಪುಣೆಯ ಬಾಲಭಾರತಿ ಅವುಗಳಿಗಾಗಿ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚುಹಾಕುತ್ತದೆ. 2017ರಿಂದ ಇರುವ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ದೀಕ್ಷಾ ವೇದಿಕೆಯಲ್ಲಿ ವಿದ್ಯಾರ್ಥಿ ಮೊದಲು ಬೋರ್ಡು, ಆಮೇಲೆ ಮಾಧ್ಯಮ, ಆಮೇಲೆ ತರಗತಿ ಆರಿಸಬೇಕು. ಈ ಜೋಡಣೆಯಲ್ಲಿ ಕರ್ನಾಟಕದ ಮೇಷ್ಟರು ದ್ಯುತಿಸಂಶ್ಲೇಷಣೆಯ ಬಗ್ಗೆ ಮಾಡಿದ ಕನ್ನಡ ವಿಡಿಯೊ ಮಹಾರಾಷ್ಟ್ರ ಬೋರ್ಡಿನ ಕನ್ನಡ ವಿದ್ಯಾರ್ಥಿಗೆ ಬೇರೆ ಖಾನೆಯ ಸರಕು. ಪಾಠಗಳನ್ನು ಬೋರ್ಡಿನ ಬದಲು ಪರಿಕಲ್ಪನೆಗೆ ಕಟ್ಟಿದರೆ ಈ ಗೋಡೆ ಇರುವುದಿಲ್ಲ. ಪಠ್ಯಕ್ರಮ ಬೇರೆಯಲ್ಲವೇ ಎಂದರೆ, ಬೇರೆಯೇ. ಒಂದು ಕಡೆ ಏಳನೆಯ ತರಗತಿಗೆ ಬಂದದ್ದು ಇನ್ನೊಂದು ಕಡೆ ಎಂಟಕ್ಕೆ ಬರಬಹುದು. ಎಲೆ ಆಹಾರ ತಯಾರಿಸುವ ಬಗೆ ಮಾತ್ರ ಎರಡೂ ರಾಜ್ಯಗಳಲ್ಲಿ ಒಂದೇ.

ಉಳಿದದ್ದು ಈ ಹೆಸರುಗಳ ಪಟ್ಟಿಯನ್ನು ಯಾರು ಮಾಡುವುದು, ದುಡ್ಡು ಎಲ್ಲಿಂದ ಎಂಬುದು. ವಿಕಿಡೇಟಾಕ್ಕೆ ಸೇರಿಸಲು ಶುಲ್ಕವಿಲ್ಲ, ಎಕ್ಸೆಲ್ ಹಾಳೆ ತುಂಬಲು ಬಲ್ಲವರು ಪ್ರತಿ ಸಂಘದಲ್ಲೂ ಇದ್ದಾರೆ. ವಿ. ಕೃಷ್ಣ ಅವರು ಹಲವು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ 'ಅಲರ್' ಎಂಬ ಹೆಸರಿನಲ್ಲಿ ಮುಕ್ತವಾಗಿ ಬಂತು. ಅಚ್ಚುಕಟ್ಟಾಗಿ ಜೋಡಿಸಿದ ಕೆಲಸಕ್ಕೆ ದೊಡ್ಡ ಸಂಸ್ಥೆಯೇ ಬೇಕೆಂದಿಲ್ಲ. ಬೇಕಿರುವುದು ಮೇಲ್ವಿಚಾರಣೆ. ಅದಕ್ಕೆ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕಿಂತ ಸರಿಯಾದ ಜಾಗ ನನಗೆ ಕಾಣುವುದಿಲ್ಲ, ಎಂ.ಎ. ವಿದ್ಯಾರ್ಥಿಗಳ ಕಿರುಪ್ರಬಂಧಗಳಲ್ಲಿ ಕೆಲವು ಈ ಸೂಚಿಯ ಕೆಲಸವೇ ಆಗಲಿ. ಹೊರನಾಡ ಸಂಘಗಳಿಗೆ ಅನುದಾನ ಕೊಡುವಾಗ ಕರ್ನಾಟಕ ಸರ್ಕಾರ ಒಂದು ಷರತ್ತು ಹಾಕಬಹುದು: ಅನುದಾನದಲ್ಲಿ ಅಚ್ಚಾದ ಪ್ರತಿ ಸಂಚಿಕೆಯ ವಿವರಪಟ್ಟಿ ಮುಕ್ತವಾಗಿ ಪ್ರಕಟವಾಗಬೇಕು. ಸಂಘಗಳಿಗೆ ಇದು ಹೊರೆಯಾದೀತು ಎನ್ನುವುದನ್ನು ಒಪ್ಪಲಾರೆ. ಬಿಡುಗಡೆ ಸಮಾರಂಭದ ಆಮಂತ್ರಣ ಪತ್ರಿಕೆಯಲ್ಲಿ ಹೆಸರುಗಳ ಕ್ರಮ ನಿರ್ಧರಿಸಲು ಇದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ. ಮೊದಲ ವರ್ಷಕ್ಕೆ ಪತ್ರಿಕೆಗಳಷ್ಟೇ ಸಾಕು: ಶೀರ್ಷಿಕೆ, ಶುರುವಾದ ಮತ್ತು ನಿಂತ ವರ್ಷ, ಸಂಪಾದಕರು, ಅಚ್ಚಾದ ಸ್ಥಳ, ಈಗ ಯಾವ ಸಂಘದ ಕಪಾಟಿನಲ್ಲಿ ಯಾವ ಸಂಚಿಕೆಗಳಿವೆ. ಯಾವುದನ್ನು ಮೊದಲು ಸ್ಕ್ಯಾನ್ ಮಾಡಬೇಕು ಎಂಬುದೂ ಆ ಪಟ್ಟಿ ನೋಡಿದ ಮೇಲೆಯೇ ಗೊತ್ತಾಗುವುದು.