ಗೃಹಸಾಲದ ಕಂತಿಗೂ ದೇಶದ ಖಜಾನೆಗೂ ಇರುವ ನಂಟು

ಮುಂಬಯಿಯ ಚಾಳ್‌ಗಳಲ್ಲಿ, ಹೊಟೇಲಿನ ಮಾಳಿಗೆಗಳಲ್ಲಿ ದಿನ ಕಳೆದ ಕನ್ನಡಿಗರ ಒಂದು ತಲೆಮಾರು ಸ್ವಂತ ಸೂರನ್ನು ಅರಸಿ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗೆ ಬಂದು ನೆಲೆಸಿತು. ಅವರ ಮಕ್ಕಳು ಅಲ್ಲಿಯೇ ಬ್ಯಾಂಕ್ ಸಾಲ ಮಾಡಿ ಫ್ಲ್ಯಾಟ್ ಕೊಂಡರು. ತಿಂಗಳ ಕಂತು ತಮಗೂ ಬ್ಯಾಂಕಿಗೂ ಮಾತ್ರ ಸೇರಿದ ವ್ಯವಹಾರ ಎಂಬುದು ಸಾಮಾನ್ಯ ನಂಬಿಕೆ. ಆದರೆ ಸರಕಾರದ ಸಾಲಕ್ಕೂ, ದೇಶದ ಆಮದು-ರಫ್ತಿನ ಅಂತರಕ್ಕೂ ಅದರಲ್ಲಿ ಪಾಲಿದೆ.

ತೈಲದಿಂದ ಕಂತಿನವರೆಗೆ

ಕೋವಿಡ್ ಕಾಲದಲ್ಲಿ ಆದಾಯ ಕುಸಿದು ಖರ್ಚು ಹೆಚ್ಚಿದ್ದರಿಂದ 2020-21ರಲ್ಲಿ ಕೇಂದ್ರದ ವಿತ್ತೀಯ ಕೊರತೆ ಜಿಡಿಪಿಯ ಶೇ. 9ನ್ನು ಮೀರಿತು. ಕೊರತೆ ಹೆಚ್ಚಿದಷ್ಟೂ ಸರಕಾರ ಮಾರುಕಟ್ಟೆಯಿಂದ ಹೆಚ್ಚು ಸಾಲ ಎತ್ತಬೇಕು. ಇದು ಬಡ್ಡಿದರವನ್ನು ಮೇಲಕ್ಕೆ ಒತ್ತುತ್ತದೆ. ಆದರೂ ಆರ್ಥಿಕತೆಗೆ ಚೇತರಿಕೆ ನೀಡಲು ರಿಸರ್ವ್ ಬ್ಯಾಂಕ್ 2020ರ ಮೇಯಲ್ಲಿ ರೆಪೋ ದರವನ್ನು ಶೇ. 4ಕ್ಕೆ ಇಳಿಸಿತ್ತು.

2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾಗಿ ಕಚ್ಚಾ ತೈಲ ಬ್ಯಾರೆಲ್‌ಗೆ 100 ಡಾಲರ್ ದಾಟಿತು. ಭಾರತ ತನಗೆ ಬೇಕಾದ ಕಚ್ಚಾ ತೈಲದ ಶೇ. 85ಕ್ಕೂ ಹೆಚ್ಚು ಪಾಲನ್ನು, ಅಡುಗೆ ಎಣ್ಣೆಯ ಅರ್ಧಕ್ಕೂ ಹೆಚ್ಚು ಪಾಲನ್ನು ಆಮದು ಮಾಡಿಕೊಳ್ಳುತ್ತದೆ. ಡಾಲರಿಗೆ ಬೇಡಿಕೆ ಏರಿ ರೂಪಾಯಿ ಕುಸಿಯಿತು. ಎಣ್ಣೆ ಡಬ್ಬದ ಬೆಲೆಯಲ್ಲಿ ಹೊಟೇಲ್ ಉದ್ಯಮಿಗಳು ಇದರ ಬಿಸಿಯನ್ನು ಮೊದಲೇ ಅನುಭವಿಸಿದರು. ಏಪ್ರಿಲ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ. 7.79ಕ್ಕೆ ತಲುಪಿತು. ಅದನ್ನು ತಡೆಯಲು ಮೇಯಿಂದ ಆರಂಭಿಸಿ 2023ರ ಫೆಬ್ರವರಿಯೊಳಗೆ ರೆಪೋ ದರವನ್ನು ಶೇ. 6.50ಕ್ಕೆ ಏರಿಸಲಾಯಿತು.

ಇದು ಹೊಸತೇನಲ್ಲ. 2012-13ರಲ್ಲಿ ಚಾಲ್ತಿ ಖಾತೆ ಕೊರತೆ ಜಿಡಿಪಿಯ ಶೇ. 4.8ಕ್ಕೆ ಏರಿದಾಗಲೂ ರೂಪಾಯಿ ಕುಸಿದು ಬಡ್ಡಿ ಏರಿತ್ತು. ಮನೆಗಳ ಸಾಲವೇ ದೇಶವನ್ನು ಅಲುಗಾಡಿಸಿದ್ದೂ ಇದೆ. ಅಮೆರಿಕದಲ್ಲಿ ತೀರಿಸಲಾಗದವರಿಗೂ ಕೊಟ್ಟ ಗೃಹಸಾಲಗಳು ಮುಳುಗಿ, 2008ರಲ್ಲಿ ಲೇಮನ್ ಬ್ರದರ್ಸ್ ಕುಸಿದು ಜಗತ್ತಿನ ವ್ಯಾಪಾರವೇ ತತ್ತರಿಸಿತು.

ಕಂತು ಅದೇ, ಸಾಲ ಮಾತ್ರ ಬೆಳೆಯಿತು

ಶೇ. 7ರ ದರದಲ್ಲಿ 20 ವರ್ಷಕ್ಕೆ 30 ಲಕ್ಷ ರೂ. ಸಾಲ ಪಡೆದರೆ ಕಂತು 23,259 ರೂ. ದರ ಶೇ. 9.5 ಆದರೆ ಕಂತು 27,964 ರೂ. ಆಗಬೇಕು. ಕಂತು ಏರಿಸದೆ ಬರೇ ಅವಧಿ ವಿಸ್ತರಿಸಿದರೆ ಏನಾದೀತು? ಮೊದಲ ತಿಂಗಳ ಬಡ್ಡಿಯೇ 23,750 ರೂ. ಹಳೆಯ ಕಂತು ಬಡ್ಡಿಗೂ ಸಾಲದು. ಅಸಲು ಕರಗುವ ಬದಲು ಬೆಳೆಯುತ್ತದೆ. ಐವತ್ತರ ಹರೆಯದ ಸಾಲಗಾರನ ಕಂತುಗಳು ನಿವೃತ್ತಿಯ ಆಚೆಗೂ ಮುಂದುವರಿಯುತ್ತವೆ. ಇದನ್ನು ಗಮನಿಸಿಯೇ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ, ದರ ಬದಲಾದಾಗ ಕಂತು ಏರಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರನಿಗೇ ನೀಡಬೇಕೆಂದು ಆದೇಶಿಸಿತು.

2025ರಲ್ಲಿ ಗಾಳಿ ತಿರುಗಿತು. ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ರೆಪೋ ದರ ಶೇ. 6.50ರಿಂದ 5.25ಕ್ಕೆ ಇಳಿಯಿತು. ಇದರ ಲಾಭ ಎಲ್ಲರಿಗೂ ತಾನಾಗಿ ಸಿಗುವುದಿಲ್ಲ. 2019ರ ಅಕ್ಟೋಬರ್ ಬಳಿಕ ಬ್ಯಾಂಕುಗಳು ನೀಡಿದ ಬದಲಾಗುವ ದರದ ಗೃಹಸಾಲಗಳು ರೆಪೋದಂತಹ ಹೊರಗಿನ ದರಕ್ಕೆ ಜೋಡಣೆಯಾಗಿವೆ. ಅದಕ್ಕಿಂತ ಹಳೆಯ ಸಾಲಗಾರರು ಕೇಳಿಯೇ ಬದಲಾಯಿಸಿಕೊಳ್ಳಬೇಕು. ಗೃಹಸಾಲ ಕಂಪನಿಗಳ ಲೆಕ್ಕಾಚಾರವೇ ಬೇರೆ.

ದರ ಇಳಿದಾಗ ಕಂತು ಇಳಿಸಿಕೊಳ್ಳುವುದಕ್ಕಿಂತ ಹಳೆಯ ಕಂತನ್ನೇ ಮುಂದುವರಿಸುವುದು ಲಾಭಕರ. ಮೇಲಿನ 30 ಲಕ್ಷದ ಸಾಲಕ್ಕೆ ಶೇ. 8.25ರಲ್ಲೂ 27,964 ರೂ. ಕಟ್ಟುತ್ತಾ ಹೋದರೆ 20 ವರ್ಷದ ಸಾಲ ಅವಧಿಗಿಂತ ಮೂರೂವರೆ ವರ್ಷಕ್ಕೂ ಹೆಚ್ಚು ಮುಂಚಿತವಾಗಿ ತೀರುತ್ತದೆ.

ತೈಲದ ಬೆಲೆಯಾಗಲಿ ದಿಲ್ಲಿಯ ಬಜೆಟ್ ಆಗಲಿ ಸಾಲಗಾರನ ಕೈಯಲ್ಲಿಲ್ಲ. ತನ್ನ ಸಾಲಕ್ಕೆ ಇನ್ನೆಷ್ಟು ಕಂತು ಬಾಕಿ ಎಂದು ಕೇಳಿ ತಿಳಿಯುವುದು ಅವನ ಕೈಯಲ್ಲೇ ಇದೆ. ವಾರ್ಷಿಕೋತ್ಸವ, ಆಟೋಟಗಳ ಜತೆಗೆ ನಮ್ಮ ಸಂಘ-ಸಂಸ್ಥೆಗಳು ವರ್ಷಕ್ಕೊಮ್ಮೆ ಸಮಾಜದ ನಿವೃತ್ತ ಬ್ಯಾಂಕ್ ಅಧಿಕಾರಿಗಳನ್ನು ಕರೆಸಿ ಗೃಹಸಾಲ ಮಾಹಿತಿ ಶಿಬಿರ ಏರ್ಪಡಿಸಿದರೆ ಅನೇಕ ಕುಟುಂಬಗಳ ಹೊರೆ ಹಗುರವಾದೀತು.